ಸೈನ್ಯವಿಲ್ಲದ ಕೋರ್ಟು

ಕೋಕಿಲಾ ಅಮೆರಿಕವನ್ನು ನೋಡಿದವಳಲ್ಲ. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿ, ಸ್ವಲ್ಪ ಕಾಲ ಪಿಯು ಕಾಲೇಜೊಂದರಲ್ಲಿ ಪಾಠ ಹೇಳಿ, ಮದುವೆಯಾದ ಮೇಲೆ ಗಂಡ ಸಂದೀಪನ ಜೊತೆ ಟೋಕಿಯೋಗೆ ಬಂದವಳು. ಆದರೂ ಅಲ್ಲಿನ ಓಜಿಮಾ ಬಡಾವಣೆಯ ಭಾರತೀಯರ ನಡುವೆ ಅವಳನ್ನು ಇವತ್ತಿಗೂ ಕರೆಯುವುದು ‘ಅಮೆರಿಕ ಮಿಸ್’ ಎಂದೇ. ಕೆಲವರು ಪ್ರೀತಿಯಿಂದ ಕರೆಯುತ್ತಾರೆ, ಕೆಲವರ ಬಾಯಲ್ಲಿ ಇನ್ನೂ ಸ್ವಲ್ಪ ಕಹಿ ಉಳಿದಿದೆ.

2011ರ ಮಾರ್ಚ್‌ನ ಆ ಮಧ್ಯಾಹ್ನ ಭೂಮಿ ನಡುಗಿದಾಗ ಅವಳು ಒಂಬತ್ತನೆಯ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಅಡುಗೆಮನೆಯ ಡಬ್ಬಿಗಳೆಲ್ಲ ಉರುಳಿ ಬೇಳೆ, ಸಾಸಿವೆ, ಅರಿಸಿನ ಒಂದಾದವು. ಲಿಫ್ಟು ನಿಂತಿತು. ವಾರ ಕಳೆಯುವಷ್ಟರಲ್ಲಿ ಫುಕುಶಿಮಾದ ಅಣುಸ್ಥಾವರದ ಸುದ್ದಿ ದೊಡ್ಡದಾಯಿತು. ಕಂಪನಿಗಳು ವಿಮಾನದ ಟಿಕೆಟ್ ಕೊಟ್ಟು ಹೆಂಗಸರು ಮಕ್ಕಳನ್ನು ಊರಿಗೆ ಕಳಿಸತೊಡಗಿದವು. ಸಂದೀಪ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ, ಅವನು ಹೊರಡುವಂತಿರಲಿಲ್ಲ. ಮೈಸೂರಿನಿಂದ ಅಮ್ಮ ಜಯಮ್ಮ ಫೋನಿನಲ್ಲಿ ಅತ್ತರು.

“ಬಂದ್ಬಿಡೇ. ಅಳಿಯಂದ್ರು ಗಂಡಸು, ಹೆಂಗೋ ಇರ್ತಾರೆ.”

“ಅಮ್ಮ, ಈ ಬಿಲ್ಡಿಂಗ್‌ನಲ್ಲಿ ಸಾವಿರಾರು ಜನ ಜಪಾನಿನವರಿದ್ದಾರೆ. ಅವರಿಗೆ ಓಡಿಹೋಗೋಕೆ ಇನ್ನೊಂದು ದೇಶ ಇಲ್ಲ. ಅವರು ಹೆಂಗಿರ್ತಾರೋ ನಾನೂ ಹಂಗೇ ಇರ್ತೀನಿ.”

ಇದ್ದಳು. ನಲ್ಲಿಯ ನೀರು ಕುಡಿಯಬಹುದೋ ಬಾರದೋ ಎಂಬ ಹೆದರಿಕೆಯ ದಿನಗಳಲ್ಲಿ, ಕೆಳಗಿನ ಮನೆಯ ಮಿಜುನೋ-ಸಾನ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಜೊತೆ ಕೊಂಬಿನಿ ಎಂಬ ಮೂಲೆಯಂಗಡಿಯ ಮುಂದೆ ಸಾಲಿನಲ್ಲಿ ನಿಂತು ನೀರಿನ ಬಾಟಲಿ ತಂದಳು. ಜಪಾನಿ ಭಾಷೆಯನ್ನು ಅವಳು ಕಲಿಯಲು ಶುರುಮಾಡಿದ್ದು ಆ ಸಾಲಿನಲ್ಲೇ.

ಓಜಿಮಾ ಸ್ಟೇಷನ್ನಿನ ಹತ್ತಿರ ನಾಲ್ಕು ಮಹಡಿಯ ಕಟ್ಟಡವೊಂದರಲ್ಲಿ ಆಗ ಒಂದು ಸಣ್ಣ ಇಂಗ್ಲಿಷ್ ಶಾಲೆ ನಡೆಯುತ್ತಿತ್ತು. ಪಠ್ಯ ಅಮೆರಿಕದ್ದು, ಮಕ್ಕಳಲ್ಲಿ ಹೆಚ್ಚಿನವರು ಭಾರತೀಯರು. ಅದನ್ನು ನಡೆಸುತ್ತಿದ್ದವರು ನಂಜುಂಡಸ್ವಾಮಿ. ಎಂಬತ್ತರ ದಶಕದಲ್ಲೇ ಜಪಾನಿಗೆ ಬಂದು, ಚಾಮರಾಜನಗರದ ಕರಿಕಲ್ಲನ್ನು ಇಲ್ಲಿನ ಸಮಾಧಿಗಳಿಗೆ ಮಾರಿ ನೆಲೆ ಕಂಡವರು. ಭೂಕಂಪದ ನಂತರ ವಿದೇಶಿ ಮೇಷ್ಟರೆಲ್ಲ ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಪೋಷಕರ ಸಮಿತಿಯಲ್ಲಿ ಅರ್ಧ ಜನ ಊರಿಗೆ ಹೋಗಿದ್ದರು. ಶಾಲೆ ಮುಚ್ಚಿತು ಎಂದೇ ಎಲ್ಲರೂ ಅಂದುಕೊಂಡಿದ್ದಾಗ ಸ್ವಾಮಿಯವರು ತಾವೇ ವ್ಯಾನ್ ಓಡಿಸಿಕೊಂಡು ಮಕ್ಕಳನ್ನು ಕರೆತಂದರು, ತಾವೇ ಒಸಾಕಾದಿಂದ ನೀರು ತರಿಸಿದರು, ತಾವೇ ಗಣಿತ ಹೇಳಿಕೊಟ್ಟರು. ಸಮಿತಿಯ ಅಧಿಕಾರವೆಲ್ಲ ಸದ್ಯಕ್ಕೆ ತಮ್ಮಲ್ಲಿ ಇರುತ್ತದೆ ಎಂದು ಒಂದು ಚೀಟಿ ಅಂಟಿಸಿದರು. ಯಾರೂ ತಕರಾರು ತೆಗೆಯಲಿಲ್ಲ. ತೆಗೆಯಲು ಯಾರೂ ಇರಲಿಲ್ಲ.

ಒಂದು ದಿನ ಅವರು ಕೋಕಿಲಾಳ ಮನೆಗೇ ಬಂದರು.

“ನೀವು ಪೊಲಿಟಿಕಲ್ ಸೈನ್ಸ್ ಅಂತೆ. ಅಮೆರಿಕನ್ ಗವರ್ನ್‌ಮೆಂಟ್ ಅಂತ ಒಂದು ಸಬ್ಜೆಕ್ಟ್ ಇದೆ, ಮೇಷ್ಟ್ರಿಲ್ಲ.”

“ನಾನು ಅಮೆರಿಕ ನೋಡೇ ಇಲ್ಲ ಸಾರ್.”

“ಮಕ್ಕಳೂ ನೋಡಿಲ್ಲಮ್ಮ. ಸರಿಹೋಗುತ್ತೆ.”

ಇಬ್ಬರೂ ನಕ್ಕರು. ಡಿಪೆಂಡೆಂಟ್ ವೀಸಾದಲ್ಲಿದ್ದವಳು ಅನುಮತಿ ಪಡೆದು, ವಾರಕ್ಕೆ ಕೆಲವು ಗಂಟೆ ಪಾಠ ಹೇಳಲು ಹೋಗತೊಡಗಿದಳು. ಆ ಕಾಲದಲ್ಲಿ ಅವಳಿಗೆ ಸ್ವಾಮಿಯವರ ಮೇಲೆ ಇದ್ದ ಗೌರವ ದೊಡ್ಡದು. ಮುಂದೆ ಅವರ ಜೊತೆ ಜಗಳವಾದಾಗಲೂ ಅದು ಪೂರ್ತಿ ಹೋಗಲಿಲ್ಲ.

ಪಾಠ ಮಾಡುವುದು ಸುಲಭವಾಗಿರಲಿಲ್ಲ. ಮಕ್ಕಳಿಗೆ ಅಮೆರಿಕದ ಅಧ್ಯಕ್ಷನೆಂದರೆ ಸಿನಿಮಾದಲ್ಲಿ ಬರುವ, ಗುಂಡಿ ಒತ್ತಿ ಪ್ರಪಂಚ ನಡೆಸುವ ಮನುಷ್ಯ. ಅವನು ಒಂದು ಕಾನೂನನ್ನೂ ತಾನಾಗಿ ಮಾಡಲಾರ ಎಂದಾಗ ಅವರು ನಂಬಲಿಲ್ಲ. ಕಾನೂನು ಮಾಡುವುದು ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು. ಅದಕ್ಕೆ ಎರಡು ಸದನ. ಬೊಕ್ಕಸದ ಬೀಗದ ಕೈಯೂ ಅದರ ಹತ್ತಿರವೇ. ಅಧ್ಯಕ್ಷ ಕಾನೂನನ್ನು ಜಾರಿ ಮಾಡುತ್ತಾನೆ; ಒಪ್ಪದಿದ್ದರೆ ತಡೆದು ವಾಪಸ್ ಕಳಿಸುತ್ತಾನೆ. ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಮತ್ತೆ ಹೌದೆಂದರೆ ಅವನ ತಡೆಯೂ ನಿಲ್ಲದು. ನ್ಯಾಯಾಧೀಶರನ್ನು ಅವನು ಹೆಸರಿಸುತ್ತಾನೆ, ಆದರೆ ಸೆನೆಟ್ ಎಂಬ ಮೇಲ್ಮನೆ ಒಪ್ಪಬೇಕು. ಹಾಗೆ ಬಂದ ನ್ಯಾಯಾಧೀಶರು ಅವನನ್ನೂ ಕಾಂಗ್ರೆಸ್ಸನ್ನೂ ‘ಇದು ಸಂವಿಧಾನಕ್ಕೆ ವಿರುದ್ಧ’ ಎಂದು ತಡೆಯಬಹುದು.

“ಹಂಗಾದ್ರೆ ಯಾರು ಬಾಸ್, ಮಿಸ್?” ಎಂದು ಇಂಗ್ಲಿಷಿನಲ್ಲಿ ಕೇಳಿದವಳು ಇಂಚರಾ. ಎರಡು ವರ್ಷದ ಮಗುವಾಗಿದ್ದಾಗ ಟೋಕಿಯೋಗೆ ಬಂದ ಹುಡುಗಿ. ಮನೆಯಲ್ಲಿ ಅಮ್ಮ ಪದ್ಮಾ ಕನ್ನಡದಲ್ಲಿ ಬೈದರೆ ಜಪಾನಿಯಲ್ಲಿ ಉತ್ತರ ಕೊಡುವವಳು.

“ಯಾರೂ ಅಲ್ಲ. ಅದೇ ಅದರ ಐಡಿಯಾ.”

ಕೋಕಿಲಾ ಒಂದು ನಿಜವಾದ ಪ್ರಸಂಗ ಹೇಳಿದಳು. 1952, ಕೊರಿಯಾದಲ್ಲಿ ಯುದ್ಧ. ಉಕ್ಕಿನ ಕಾರ್ಮಿಕರು ಮುಷ್ಕರ ಹೂಡಲಿದ್ದರು. ಯುದ್ಧಕ್ಕೆ ಉಕ್ಕು ಬೇಕು, ಇದು ತುರ್ತು ಪರಿಸ್ಥಿತಿ ಎಂದು ಅಧ್ಯಕ್ಷ ದೇಶದ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡ. ಸುಪ್ರೀಂ ಕೋರ್ಟು, ನಿನಗೆ ಆ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ ಎಂದಿತು. ಅವನು ಕಾರ್ಖಾನೆಗಳನ್ನು ಅಂದೇ ಬಿಟ್ಟುಕೊಟ್ಟ.

“ಕೋರ್ಟ್ ಹತ್ರ ಆರ್ಮಿ ಇದ್ಯಾ?” ಇಂಚರಾ ಬಿಡಲಿಲ್ಲ. “ಅಧ್ಯಕ್ಷನ ಹತ್ರ ಇದೆ. ಮತ್ಯಾಕೆ ಕೇಳ್ದ?”

“ಗೊತ್ತಿಲ್ಲ ಕಣೆ. ನಾಳೆ ಹೇಳ್ತೀನಿ.”

ಮರುದಿನ ಹೇಳಿದಳು: “ಅವನನ್ನ ಅಧ್ಯಕ್ಷ ಮಾಡಿದ್ದು ಆರ್ಮಿ ಅಲ್ಲ, ಆ ಸಂವಿಧಾನ. ಕೋರ್ಟು ನಿಂತಿರೋದೂ ಅದರ ಮೇಲೇ. ಅದನ್ನ ಹರಿದು ಹಾಕಿದ್ರೆ ಮೊದಲು ಹೋಗೋದು ಅವನ ಕುರ್ಚಿ. ಅದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೋನು ಬಂದ್ರೆ? ಆಗ ಜನ ಎದ್ದು ನಿಂತ್ಕೋಬೇಕು. ಬೇರೆ ದಾರಿ ಇಲ್ಲ.”

ಮೂರು ವರ್ಷ ಹೀಗೆ ನಡೆಯಿತು. ಊರಿಗೆ ಹೋದವರು ಮರಳಿದರು, ಹೊಸಬರು ಬಂದರು, ಶಾಲೆ ತುಂಬಿತು. ಸಮಿತಿ ಮಾತ್ರ ಮತ್ತೆ ಹುಟ್ಟಲಿಲ್ಲ. ಸದ್ಯಕ್ಕೆ ಎಂದು ಅಂಟಿಸಿದ ಚೀಟಿ ಬಿಸಿಲಿಗೆ ಹಳದಿಯಾಗಿ, ಕೊನೆಗೆ ಯಾರೋ ಗೋಡೆಗೆ ಬಣ್ಣ ಹೊಡೆಸುವಾಗ ಕಿತ್ತರು. ಅಧಿಕಾರ ಸ್ವಾಮಿಯವರ ಹತ್ತಿರವೇ ಉಳಿಯಿತು. ನಿಯಮ ಅವರದು, ನಡೆಸುವುದು ಅವರು, ತಪ್ಪು ಯಾರದೆಂದು ತೀರ್ಮಾನಿಸುವವರೂ ಅವರೇ.

2014ರ ಜನವರಿಯ ಒಂದು ಭಾನುವಾರ ವಸತಿ ಸಮುಚ್ಚಯದ ನಿವಾಸಿಗಳ ಸಂಘ ಭೂಕಂಪದ ತಾಲೀಮು ಇಟ್ಟುಕೊಂಡಿತ್ತು. ಅಗ್ನಿಶಾಮಕ ದಳದವರು ಬಂದಿದ್ದರು. ಹೊಗೆ ತುಂಬಿದ ಡೇರೆಯಲ್ಲಿ ಮಕ್ಕಳು ಬಗ್ಗಿ ನಡೆಯುವುದನ್ನು ಕಲಿತರು. ಕೊನೆಗೆ ಒಬ್ಬ ಅಧಿಕಾರಿ, ನಿಮ್ಮ ಶಾಲೆಯಲ್ಲಿ ಹೊರಬರುವ ದಾರಿ ಗೊತ್ತಿದೆಯೇ ಎಂದು ಮಕ್ಕಳನ್ನು ಕೇಳಿದರು. ಇಂಚರಾ ಕೈಯೆತ್ತಿ, ಶುದ್ಧವಾದ ಜಪಾನಿಯಲ್ಲಿ, ಎಲ್ಲರ ಮುಂದೆ ಹೇಳಿದಳು: ನಮ್ಮ ಶಾಲೆಯ ಹಿಂದಿನ ಮೆಟ್ಟಿಲಿನ ತುಂಬ ಹಳೆಯ ಬೆಂಚು ಮತ್ತು ಕಲ್ಲಿನ ಸ್ಯಾಂಪಲ್ಲುಗಳಿವೆ, ಅದರಲ್ಲಿ ಯಾರೂ ಇಳಿಯಲಾಗದು.

ಮರುದಿನ ಬೆಳಗ್ಗೆ ಅಗ್ನಿಶಾಮಕ ದಳದ ಇಬ್ಬರು ಶಾಲೆಗೆ ಬಂದು ಮೆಟ್ಟಿಲು ನೋಡಿದರು, ಬಗ್ಗಿ ನಮಸ್ಕರಿಸಿದರು, ಕೂಡಲೇ ತೆರವು ಮಾಡಿ ಎಂದು ಮೆಲ್ಲಗೆ ಹೇಳಿ ಹೋದರು. ಮೂವತ್ತು ವರ್ಷ ಜಪಾನಿನಲ್ಲಿ ಹೆಸರು ಕಾಪಾಡಿಕೊಂಡು ಬಂದ ಸ್ವಾಮಿಯವರಿಗೆ ಆ ಮೆಲುದನಿಯೇ ಚಾಟಿಯ ಹಾಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಸ ನಿಯಮ ಬಂತು: ಶಾಲೆಯ ವಿಷಯವನ್ನು ಹೊರಗಿನವರ ಮುಂದೆ ಮಾತಾಡಿದ ವಿದ್ಯಾರ್ಥಿಯನ್ನು ಹೊರಗೆ ಹಾಕಲಾಗುವುದು. ಸಂಜೆ ಅದೇ ನಿಯಮದಂತೆ ಇಂಚರಾಳನ್ನು ಶಾಲಾ ವರ್ಷದ ಕೊನೆಯವರೆಗೆ ತರಗತಿಯಿಂದ ಹೊರಗಿಟ್ಟರು. ಕ್ಷಮಾಪಣೆ ಬರೆದುಕೊಟ್ಟರೆ ಯೋಚಿಸುವುದಾಗಿ ಹೇಳಿದರು.

ಕೋಕಿಲಾ ಮರುದಿನ ಅವರ ಕೋಣೆಯ ಬಾಗಿಲು ತಟ್ಟಿದಳು.

“ಸಾರ್, ಈ ರೂಲ್ ಹುಟ್ಟಿದ್ದು ಸೋಮವಾರ. ಆ ಹುಡುಗಿ ಮಾತಾಡಿದ್ದು ಭಾನುವಾರ.”

“ಅದಕ್ಕೇನೀಗ?”

“ಮಾಡಿದ ಮೇಲೆ ಅದನ್ನ ತಪ್ಪು ಅನ್ನೋಕಾಗಲ್ಲ ಸಾರ್. ಅದೂ ಅಲ್ದೆ ಅವಳು ಹೇಳಿದ್ದು ನಿಜ. ಆ ಮೆಟ್ಟಿಲಿನಲ್ಲಿ ನಾನೇ ಇಳಿಯೋಕಾಗಲ್ಲ.”

“ಇದು ನಿಮ್ಮ ಅಮೆರಿಕ ಅಲ್ಲ, ಕೋಕಿಲಾ ಅವರೇ.”

“ಅಮೆರಿಕ ಬೇಡ ಬಿಡಿ. ನಮ್ಮ ಸಂವಿಧಾನದಲ್ಲೂ ಇದೆ, ಈ ದೇಶದ ಸಂವಿಧಾನದಲ್ಲೂ ಇದೆ. ರೂಲ್ ಮಾಡಿದ್ದೂ ನೀವೇ, ಹಿಡಿದಿದ್ದೂ ನೀವೇ, ಜಡ್ಜೂ ನೀವೇ. ಅವಳು ತನ್ನ ಮಾತು ಯಾರ ಹತ್ರ ಹೇಳ್ಕೋಬೇಕು?”

ಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಲ್ಲರೂ ಬಾಲ ಮುದುರಿಕೊಂಡು ಓಡಿಹೋದಾಗ ಇಲ್ಲಿ ನಿಂತಿದ್ದು ಯಾರು?”

“ನೀವು. ಅದಕ್ಕೇ ನಿಮ್ಮ ಮುಂದೆ ಬಂದು ಹೇಳ್ತಿದೀನಿ, ಬೆನ್ನ ಹಿಂದೆ ಅಲ್ಲ. ಅವತ್ತು ನೀವು ತಗೊಂಡ ಅಧಿಕಾರ ಸರಿ ಇತ್ತು. ಅವತ್ತು ಮುಗೀತು ಸಾರ್.”

“ಪುಸ್ತಕದಲ್ಲಿರೋದು ಪಾಠ ಮಾಡಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ.”

“ಪುಸ್ತಕದಲ್ಲಿರೋದೇ ಮಾಡ್ತೀನಿ. ಪೂರ್ತಿ ಮಾಡ್ತೀನಿ.”

ಹಾಗೆಯೇ ಮಾಡಿದಳು. ಅಮೆರಿಕದ ಸಂವಿಧಾನ ಕಾಂಗ್ರೆಸ್ಸಿಗೆ ಅಧಿಕಾರಗಳನ್ನು ಕೊಟ್ಟ ಮೇಲೆ, ಅದು ಏನು ಮಾಡಬಾರದು ಎಂಬುದನ್ನೂ ಹೇಳುತ್ತದೆ. ಆ ಭಾಗವನ್ನು ಅವಳು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ನಿನ್ನೆಯ ಕೆಲಸವನ್ನು ಇವತ್ತು ಅಪರಾಧವೆನ್ನುವ ಕಾನೂನು ಮಾಡಬಾರದು. ವಿಚಾರಣೆಯಿಲ್ಲದೆ ಒಬ್ಬ ವ್ಯಕ್ತಿಯನ್ನು ಶಿಕ್ಷಿಸುವ ಕಾನೂನು ಮಾಡಬಾರದು. ಸ್ವಾಮಿಯವರು ಬಾಗಿಲಲ್ಲಿ ಬಂದು ನಿಂತರು. “ಇವತ್ತಿಗೆ ಸಾಕು,” ಎಂದರು.

“ಒಂದು ನಿಮಿಷ ಸಾರ್, ವಾಕ್ಯ ಮುಗಿದಿಲ್ಲ,” ಎಂದಳು ಕೋಕಿಲಾ. ಸೀಮೆಸುಣ್ಣ ಒಮ್ಮೆ ಮುರಿಯಿತು. ಉಳಿದ ಚೂರಿನಲ್ಲೇ ಬರೆದು ಮುಗಿಸಿ, ಕೈ ಕೊಡವಿ, ಬ್ಯಾಗು ತೆಗೆದುಕೊಂಡು ಹೊರಬಂದಳು. ಆ ಸಂಜೆಯೇ ಅವಳ ಕೆಲಸ ಹೋಯಿತು.

ಸಂದೀಪ ಮೊದಲು ಸಿಟ್ಟಾದ. ಕನ್ನಡದವರ ಹಬ್ಬ ಹುಣ್ಣಿಮೆಗಳೆಲ್ಲ ಸ್ವಾಮಿಯವರ ಮುಂದಾಳತ್ವದಲ್ಲೇ ನಡೆಯುವುದು. ಇನ್ನು ಯಾರ ಮುಖ ಹೇಗೆ ನೋಡುವುದು?

“ನಿನಗ್ಯಾಕೆ ಬೇಕಿತ್ತು ಕೋಕಿ? ಪದ್ಮಾ ಅವರ ಮಗಳು, ಅವರು ನೋಡ್ಕೋತಿದ್ರು.”

“ನಾನು ಪಾಠ ಹೇಳಿದ್ದು ಸುಳ್ಳಾ ಹಂಗಾದ್ರೆ?”

ಅವನು ಎದ್ದು ಅಡುಗೆಮನೆಗೆ ಹೋದ. ಅಕ್ಕಿ ತೊಳೆದು ಕುಕ್ಕರಿಗಿಟ್ಟ. ಊಟಕ್ಕೆ ಕೂತಾಗ, “ಪೇರೆಂಟ್ಸ್ ಮೀಟಿಂಗ್ ಕರೀತೀಯಾ?” ಎಂದಷ್ಟೇ ಕೇಳಿದ.

ಅಷ್ಟರಲ್ಲಿ ಪದ್ಮಾ ಮಗಳನ್ನು ಕರೆದುಕೊಂಡು ಬಂದಳು. ಅವಳಿಗೆ ದಿಗಿಲು ಹತ್ತಿಬಿಟ್ಟಿತ್ತು. ಮಗಳ ವರ್ಷ ಹಾಳಾಗುತ್ತದೆ, ಜಪಾನಿ ಶಾಲೆಗೆ ಈಗ ಸೇರಿಸಿದರೆ ಹಿಂದೆ ಬೀಳುತ್ತಾಳೆ.

“ಒಂದು ಸಾರಿ ಬರ್ಕೊಟ್ರೆ ಏನು ಹೋಗುತ್ತೆ ರೀ? ಸ್ವಲ್ಪ ಹೇಳಿ ಇವಳಿಗೆ. ನಿಮ್ಮ ಮಾತು ಕೇಳ್ತಾಳೆ.”

ಇಂಚರಾ ಅಪರೂಪಕ್ಕೆ ಕನ್ನಡದಲ್ಲೇ ಮಾತಾಡಿದಳು, ಒಂದೊಂದು ಪದವನ್ನೂ ಹುಡುಕಿ ತೆಗೆದ ಹಾಗೆ. “ಅಮ್ಮ, ನಾನು ದಿನಾ ನೂರು ಸಲ ಸುಮಿಮಾಸೆನ್, ಕ್ಷಮಿಸಿ ಅಂತ ಹೇಳ್ತೀನಿ. ಲಿಫ್ಟಲ್ಲಿ ಹೇಳ್ತೀನಿ, ಟ್ರೇನಲ್ಲಿ ಹೇಳ್ತೀನಿ. ಇದಕ್ಕೆ ಹೇಳಲ್ಲ.”

ಪದ್ಮಾ ಮಗಳನ್ನೇ ನೋಡಿದಳು. ಕೋಕಿಲಾ ಅಂದೇ ಪೋಷಕರಿಗೆಲ್ಲ ಫೋನು ಮಾಡಿ ಸಭೆ ಕರೆದಳು.

ಸಭೆಗೆ ಜಾಗ ಕೊಡಿಸಿದ್ದು ಮಿಜುನೋ-ಸಾನ್. ಅವರು ನಿವಾಸಿಗಳ ಸಂಘದಲ್ಲಿದ್ದರು. ಕಟ್ಟಡದ ಕೆಳಗಿನ ಸಭಾಕೋಣೆಯ ಬೀಗ ಅವರ ಬಳಿ ಇತ್ತು. ಫೆಬ್ರವರಿಯ ಆ ಭಾನುವಾರ, ಹಿಂದಿನ ದಿನ ಬಿದ್ದ ಹಿಮ ಟೋಕಿಯೋವನ್ನೇ ಹೂತುಹಾಕಿತ್ತು. ಅಂಥ ಹಿಮವನ್ನು ಅಲ್ಲಿನ ಎಷ್ಟೋ ಜನ ಕಂಡಿರಲಿಲ್ಲ. ಯಾರೂ ಬರಲಾರರು ಎಂದುಕೊಂಡಳು ಕೋಕಿಲಾ. ಆದರೆ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು, ಒದ್ದೆ ಕಾಲುಚೀಲದಲ್ಲಿ ಒಬ್ಬೊಬ್ಬರಾಗಿ ಬಂದರು. ಕೋಣೆ ತುಂಬಿತು. ಕೊನೆಯಲ್ಲಿ, ಯಾರೂ ಕರೆಯದಿದ್ದರೂ, ನಂಜುಂಡಸ್ವಾಮಿಯವರೂ ಬಂದು ಹಿಂದೆ ಕೂತರು.

ಕೋಕಿಲಾ ಎದ್ದು ನಿಂತಳು. ತನ್ನ ಕೆಲಸದ ಮಾತೆತ್ತಲಿಲ್ಲ. “ಪೇರೆಂಟ್ಸ್ ಕಮಿಟಿ ಮತ್ತೆ ಶುರುವಾಗ್ಲಿ. ರೂಲ್ಸ್ ಕಮಿಟಿ ಮಾಡ್ಲಿ. ಶಾಲೆ ನಡೆಸೋದು ಡೈರೆಕ್ಟರ್ ನಡೆಸ್ಲಿ, ಅದರಲ್ಲಿ ಯಾರೂ ಕೈ ಹಾಕೋದು ಬೇಡ. ಜಗಳ ಬಂದ್ರೆ ಕೇಳೋಕೆ ಬೇರೆ ಮೂರು ಜನ ಇರ್ಲಿ, ಕಮಿಟಿಯವರೂ ಅಲ್ದೆ ಡೈರೆಕ್ಟರೂ ಅಲ್ದೆ. ಇಷ್ಟೇ ನಾನು ಕೇಳೋದು.”

ಜನ ಹಿಂದೆ ತಿರುಗಿ ಸ್ವಾಮಿಯವರತ್ತ ನೋಡಿದರು. ಹಲವರ ಮಕ್ಕಳಿಗೆ ಅವರೇ ಸೀಟು ಕೊಟ್ಟಿದ್ದರು. ಆಮೇಲೆ ಸ್ವಾಮಿಯವರೇ ಎದ್ದರು. ದನಿ ಏರಿಸಲಿಲ್ಲ.

“ಈ ಶಾಲೆಗೆ ನಾನು ನನ್ನ ಹತ್ತು ವರ್ಷ ಕೊಟ್ಟಿದೀನಿ. ನೀವೆಲ್ಲ ಪ್ರಾಜೆಕ್ಟ್ ಮುಗಿದ್ರೆ ವಾಪಸ್ ಹೋಗೋರು. ನಾಳೆ ಮತ್ತೆ ಭೂಮಿ ಅಲ್ಲಾಡಿದ್ರೆ ಇಲ್ಲಿರೋನು ನಾನು. ಅಷ್ಟೊತ್ತಿಗೆ ಕಮಿಟಿ ಕರ್ಕೊಂಡು ಕೂತ್ಕೊಳ್ಳೋಕಾಗುತ್ತಾ?”

ಅವರ ಮಾತಿನಲ್ಲಿ ನಿಜವಿತ್ತು, ಎಲ್ಲರಿಗೂ ಅದು ತಟ್ಟಿತು. ಆಗ ಪದ್ಮಾ ಎದ್ದಳು. ಸಭೆಯಲ್ಲಿ ಮಾತಾಡಿ ಅಭ್ಯಾಸವೇ ಇಲ್ಲದ ಹೆಂಗಸು, ಕೋಟಿನ ಗುಂಡಿಯನ್ನು ತಿರುವುತ್ತಲೇ ಹೇಳಿದಳು:

“ನಾಳೆ ಮತ್ತೆ ಭೂಮಿ ಅಲ್ಲಾಡಿದ್ರೆ ನಮ್ಮ ಮಕ್ಕಳು ಯಾವ ಮೆಟ್ಟಿಲಿಳಿದು ಬರ್ಬೇಕು ಸಾರ್? ನನ್ನ ಮಗಳು ಕೇಳಿದ್ದು ಅಷ್ಟೇ ಅಲ್ವಾ?”

ಆಮೇಲೆ ಕೋಣೆಯ ಗಾಳಿ ಬದಲಾಯಿತು. ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಕೈ ಎತ್ತಿಸಿದಾಗ ಬಹುಪಾಲು ಕೈಗಳು ಮೇಲಿದ್ದವು. ಒಪ್ಪುವುದಿಲ್ಲ ಎಂದರು ಸ್ವಾಮಿಯವರು. ಹಾಗಾದರೆ ಮುಂದಿನ ಅವಧಿಯ ಫೀಸನ್ನು ಸಮಿತಿ ಬಂದ ಮೇಲೆಯೇ ಕಟ್ಟುತ್ತೇವೆ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಬೊಕ್ಕಸ ಯಾರ ಕೈಯಲ್ಲಿರಬೇಕು ಎಂಬ ಪಾಠ ಆ ಮನೆಯ ಮಗುವಿನಿಂದ ಅಪ್ಪ ಅಮ್ಮನವರೆಗೂ ಹೋಗಿತ್ತೆಂದು ಕಾಣುತ್ತದೆ.

ಸ್ವಾಮಿಯವರು ಎದ್ದು ಹೋದರು. ಎರಡು ವಾರ ಅವರಿಂದ ಸುದ್ದಿಯಿಲ್ಲ. ಆಮೇಲೆ ಸಮಿತಿಯನ್ನು ಒಪ್ಪಿದರು. ವಿಚಾರಣೆಗೆ ಕೂತ ಮೂವರು ಇಂಚರಾಳನ್ನೂ ಕರೆದು ಕೇಳಿದರು, ಸ್ವಾಮಿಯವರನ್ನೂ ಕರೆದು ಕೇಳಿದರು. ನಿಯಮಕ್ಕಿಂತ ಮೊದಲು ಆಡಿದ ಮಾತಿಗೆ ಶಿಕ್ಷೆ ಸಲ್ಲದು ಎಂದರು. ಹುಡುಗಿ ತರಗತಿಗೆ ಮರಳಿದಳು. ಹಿಂದಿನ ಮೆಟ್ಟಿಲಿನಿಂದ ಬೆಂಚುಗಳು, ಕಲ್ಲುಗಳು ಒಂದೇ ಮಧ್ಯಾಹ್ನದಲ್ಲಿ ಹೊರಬಿದ್ದವು. ಕಲ್ಲುಗಳನ್ನು ಸ್ವಾಮಿಯವರು ತಾವೇ ನಿಂತು ಲಾರಿಗೆ ಹೇರಿಸಿದರು.

ಉಳಿದದ್ದು ಕೋಕಿಲಾಳ ಕೆಲಸ. ಹೊಸ ಸಮಿತಿಯವರು ಸಂಭ್ರಮದಿಂದ ಅವಳ ಮನೆಗೆ ಬಂದರು: ನಿಮ್ಮನ್ನು ಮತ್ತೆ ತೆಗೆದುಕೊಳ್ಳಲೇಬೇಕೆಂದು ಒಂದು ರೂಲ್ ಮಾಡಿಬಿಡುತ್ತೇವೆ, ಈಗ ನಮ್ಮ ಕೈಯಲ್ಲೇ ಇದೆಯಲ್ಲ!

ಕೋಕಿಲಾ ಕಾಫಿ ಕೊಟ್ಟಳು. ಆಮೇಲೆ ಬೇಡ ಎಂದಳು.

“ಯಾಕೆ ರೀ?” ಎಂದು ಪದ್ಮಾ ಬೆರಗಾದಳು. “ನಿಮಗೆ ಅನ್ಯಾಯ ಆಗಿದೆ.”

“ಆಗಿದೆ. ಆದ್ರೆ ಟೀಚರ್‌ನ ಇಟ್ಕೊಳ್ಳೋದು, ತೆಗೆಯೋದು ಶಾಲೆ ನಡೆಸೋರ ಕೆಲಸ, ಅದರಲ್ಲಿ ಯಾರೂ ಕೈ ಹಾಕೋದು ಬೇಡ ಅಂತ ನಾನೇ ಸಭೆಯಲ್ಲಿ ಹೇಳಿದೀನಿ. ಒಬ್ಬಳ ಹೆಸರು ಬರೆದು ಶಿಕ್ಷೆ ಕೊಡೋ ರೂಲ್ ತಪ್ಪು ಅಂತ ಜಗಳ ಆಡ್ದೆ. ಒಬ್ಬಳ ಹೆಸರು ಬರೆದು ಕೆಲಸ ಕೊಡೋ ರೂಲನ್ನ ಯಾವ ಬಾಯಲ್ಲಿ ಒಪ್ಪಲಿ? ಅವರು ಕರೆದ್ರೆ ಹೋಗ್ತೀನಿ. ನೀವು ಅವರ ಕುತ್ತಿಗೆ ಹಿಡಿದು ಕರೆಸಿದ್ರೆ ಹೋಗಲ್ಲ.”

ಸಮಿತಿಯವರು ಬೇಸರದಿಂದ ಎದ್ದರು. ಇಷ್ಟು ಮೊಂಡುತನ ಒಳ್ಳೆಯದಲ್ಲ ಎಂದು ಲಿಫ್ಟಿನ ಬಳಿ ಒಬ್ಬರು ಹೇಳಿದ್ದು ಅವಳಿಗೂ ಕೇಳಿಸಿತು. ಸ್ವಾಮಿಯವರು ಕರೆಯಲಿಲ್ಲ. ಅವಳೂ ಕೇಳಲಿಲ್ಲ. ಆ ರಾತ್ರಿ ಮಾತ್ರ ಸಂದೀಪನ ಹೆಗಲಿಗೆ ತಲೆ ಒರಗಿಸಿ ಅತ್ತಳು. ಪಾಠ ಹೇಳುವುದು ಅವಳಿಗೆ ಅಷ್ಟು ಇಷ್ಟವಾಗಿತ್ತು.

ಬೇಸಿಗೆಯ ಹೊತ್ತಿಗೆ ಅದೇ ಸಭಾಕೋಣೆಯಲ್ಲಿ ಕೋಕಿಲಾಳ ಶನಿವಾರದ ತರಗತಿ ಶುರುವಾಯಿತು. ಶಾಲೆಯ ಮಕ್ಕಳಲ್ಲಿ ಕೆಲವರು ಬಂದರು, ಇಂಚರಾ ತನ್ನ ಜಪಾನಿ ಗೆಳತಿಯರಿಬ್ಬರನ್ನು ಕರೆತಂದಳು. ಅಮೆರಿಕದ ಸರ್ಕಾರ ಮುಗಿದ ಮೇಲೆ ಭಾರತದ್ದು, ಆಮೇಲೆ ಜಪಾನಿನದು ಎಂದು ಕೋಕಿಲಾ ನಿರ್ಧರಿಸಿದಳು. ಕಾಂಜಿ ಲಿಪಿ ಅವಳ ಜೀವ ಹಿಂಡಿತು. ಅವಳು ತಪ್ಪು ಬರೆದಾಗಲೆಲ್ಲ ಮಕ್ಕಳು ನಗುತ್ತಿದ್ದರು, ಮಿಜುನೋ-ಸಾನ್ ಹಿಂದಿನ ಕುರ್ಚಿಯಿಂದ ಎದ್ದು ಬಂದು ತಿದ್ದುತ್ತಿದ್ದರು.

ಒಂದು ಶನಿವಾರ ಮಿಜುನೋ-ಸಾನ್, ಕೇಳಲೋ ಬೇಡವೋ ಎಂದು ತುಂಬ ಹೊತ್ತು ಸಂಕೋಚಪಟ್ಟು, ಕೊನೆಗೆ ಕೇಳಿದರು: ವಿದೇಶಿಯರಾದ ನಿಮಗೆ ಇಲ್ಲಿ ಮತವಿಲ್ಲ, ನಮ್ಮ ಸಂಸತ್ತಿನ ವಿಷಯ ಕಟ್ಟಿಕೊಂಡು ನಿಮಗೇನಾಗಬೇಕು?

ಕೋಕಿಲಾ ತನ್ನ ಅರೆಬರೆ ಜಪಾನಿಯಲ್ಲಿ ಹೇಳಿದಳು: “ವೋಟ್ ಇಲ್ಲ, ನಿಜ. ಆದರೆ ಈ ಬಿಲ್ಡಿಂಗ್‌ನಲ್ಲಿ ನಾನೂ ಇದ್ದೀನಲ್ಲ.”

ಮಿಜುನೋ-ಸಾನ್ ನಕ್ಕು, ಚಹಾದ ಕೆಟಲಿಗೆ ನೀರು ತುಂಬಲು ಹೋದರು. ಕೋಕಿಲಾ ಬೋರ್ಡಿನ ಕಡೆ ತಿರುಗಿ, ಜಪಾನಿನ ಪ್ರಧಾನಿಯನ್ನು ಆರಿಸುವವರು ಯಾರು, ಅವನನ್ನು ಇಳಿಸುವವರು ಯಾರು ಎಂದು ಬರೆಯತೊಡಗಿದಳು.